ಪಂಚಾಯಿತಿ ಮನೆ: ಅರ್ಜಿಯಿಂದ ಕೊನೆಯ ಬಿಲ್‌ವರೆಗೆ ಈ ಸೇವೆ ಹೇಗಿದೆ?

ಗ್ರಾಮ ಪಂಚಾಯಿತಿ ಮೂಲಕ ಸಿಗುವ ವಸತಿ ಯೋಜನೆಗಳನ್ನು ಒಂದು ಸೇವೆ ಎಂದು ನೋಡಿದರೆ, ಅದರಲ್ಲಿ ಮೆಚ್ಚಲೇಬೇಕಾದ ಒಂದು ಅಂಶವಿದೆ: ಹಣ ಯಾರ ಕೈಯನ್ನೂ ದಾಟದೆ ನೇರವಾಗಿ ಫಲಾನುಭವಿಯ ಖಾತೆಗೆ ಬರುತ್ತದೆ. ಗುತ್ತಿಗೆದಾರ ಕಟ್ಟಿಸಿ ಕೀಲಿಕೈ ಕೊಡುತ್ತಿದ್ದ ಕಾಲದ ಕಳಪೆ ಮನೆಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಆದರೆ ಅರ್ಜಿ ಹಾಕುವ ಮೊದಲೇ ತಿಳಿದಿರಬೇಕಾದ ಮಾತೂ ಒಂದಿದೆ. ಸರ್ಕಾರ ಇಲ್ಲಿ ಮನೆ ಕಟ್ಟಿಕೊಡುವುದಿಲ್ಲ. ನೀವು ಕಟ್ಟುತ್ತಾ ಹೋದ ಹಾಗೆ ಹಂತ ಹಂತವಾಗಿ ಸಹಾಯಧನ ಕೊಡುತ್ತದೆ. ಹೀಗೆ ಬರುವ ಒಂದೊಂದು ಕಂತನ್ನೇ ಊರಲ್ಲಿ ‘ಬಿಲ್’ ಎನ್ನುವುದು. ಜಾಗದ ಕಾಗದ ಸರಿಯಿದ್ದು, ಪಾಯ ಹಾಕುವಷ್ಟು ಹಣ ಕೈಯಲ್ಲಿದ್ದವರಿಗೆ ಈ ಸೇವೆ ಚೆನ್ನಾಗಿಯೇ ನಡೆಯುತ್ತದೆ. ಎರಡೂ ಇಲ್ಲದವರೇ ನಿಜಕ್ಕೂ ಬಡವರು, ಅವರೇ ಇಲ್ಲಿ ಹೆಚ್ಚು ಒದ್ದಾಡುವವರು. ಈ ಯೋಜನೆಗಳ ದೊಡ್ಡ ಕೊರತೆ ಇದು.

ಪಂಚಾಯಿತಿಯ ಒಂದೇ ಕಿಟಕಿಯಲ್ಲಿ ಹಲವು ಯೋಜನೆಗಳು ಸಿಗುತ್ತವೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ-ಗ್ರಾಮೀಣ 2016ರ ನವೆಂಬರ್‌ನಲ್ಲಿ ಶುರುವಾಯಿತು. 2024ರಲ್ಲಿ ಕೇಂದ್ರ ಸಂಪುಟ ಅದನ್ನು 2028-29ರವರೆಗೆ ಮುಂದುವರಿಸಿ, ಇನ್ನೂ 2 ಕೋಟಿ ಮನೆಗಳ ಗುರಿ ಇಟ್ಟಿತು. ರಾಜ್ಯದ ಕಡೆಯಿಂದ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ಜೊತೆಗೆ ಅಂಗವಿಕಲರು, ಅಲೆಮಾರಿಗಳು, ಮಾಜಿ ದೇವದಾಸಿಯರಂಥ ವಿಶೇಷ ವರ್ಗಗಳಿಗಾಗಿ ದೇವರಾಜ ಅರಸು ವಸತಿ ಯೋಜನೆಗಳಿವೆ. ಇವುಗಳ ಹಿಂದೆ ಇರುವುದು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಕೇಂದ್ರದ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂ. ಇದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಬಸವ ವಸತಿಯಲ್ಲಿ ಸಾಮಾನ್ಯ ವರ್ಗಕ್ಕೆ 1.20 ಲಕ್ಷ, ಅಂಬೇಡ್ಕರ್ ನಿವಾಸ್‌ನಲ್ಲಿ ಪರಿಶಿಷ್ಟ ಜಾತಿ-ಪಂಗಡದವರಿಗೆ ಹಳ್ಳಿಯಲ್ಲಿ 1.75 ಲಕ್ಷ, ಪಟ್ಟಣದಲ್ಲಿ 2 ಲಕ್ಷ ಎಂದು ನಿಗದಿಯಾಗಿತ್ತು. ಊರಲ್ಲಿ ಯಾರು ಎಷ್ಟೇ ಹೇಳಲಿ, ನಿಮ್ಮ ಕಾಮಗಾರಿ ಆದೇಶ ಪತ್ರದಲ್ಲಿ ಬರೆದ ಮೊತ್ತವೇ ನಿಮ್ಮ ಮೊತ್ತ. ಆ ಪತ್ರವನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಅರ್ಹತೆಯ ವಿಚಾರದಲ್ಲಿ ಹಳೆಯ ತಪ್ಪು ತಿಳಿವಳಿಕೆಗಳು ಇನ್ನೂ ಓಡಾಡುತ್ತಿವೆ. ಮನೆಯಲ್ಲಿ ಬೈಕ್ ಇದ್ದರೆ, ಫ್ರಿಜ್ ಇದ್ದರೆ ಕೇಂದ್ರದ ಯೋಜನೆಯಲ್ಲಿ ಹೆಸರು ಹೋಗುತ್ತದೆ ಎನ್ನುವುದು ಮೊದಲಿನ ನಿಯಮ. 2024ರ ಪರಿಷ್ಕರಣೆಯಲ್ಲಿ ಅನರ್ಹತೆಯ ಮಾನದಂಡಗಳು 13ರಿಂದ 10ಕ್ಕೆ ಇಳಿದವು. ಬೈಕ್, ಫ್ರಿಜ್, ಸ್ಥಿರ ದೂರವಾಣಿ ಮೂರನ್ನೂ ಕೈಬಿಡಲಾಯಿತು. ಮನೆಯ ಯಾರಾದರೂ ಒಬ್ಬರು ತಿಂಗಳಿಗೆ 10,000 ರೂ. ಮೇಲೆ ದುಡಿದರೆ ಅನರ್ಹ ಎಂದಿದ್ದದ್ದು 15,000ಕ್ಕೆ ಏರಿತು. ಉಳಿದವು ಹಾಗೆಯೇ ಇವೆ: ಮೂರು ಅಥವಾ ನಾಲ್ಕು ಚಕ್ರದ ವಾಹನ, ಟ್ರ್ಯಾಕ್ಟರಿನಂಥ ಯಂತ್ರ, ಸರ್ಕಾರಿ ನೌಕರಿ, ನೋಂದಾಯಿತ ಉದ್ದಿಮೆ, ಆದಾಯ ತೆರಿಗೆ ಅಥವಾ ವೃತ್ತಿ ತೆರಿಗೆ, ಎರಡೂವರೆ ಎಕರೆ ಅಥವಾ ಹೆಚ್ಚಿನ ನೀರಾವರಿ ಜಮೀನು, ಐದು ಎಕರೆ ಅಥವಾ ಹೆಚ್ಚಿನ ಖುಷ್ಕಿ.

ಹೆಚ್ಚು ಜನ ಎಡವುವುದು ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ. ಕಾರ್ಡಿನ ಸಾಲದ ಮಿತಿ 50,000 ರೂ. ಅಥವಾ ಹೆಚ್ಚಿದ್ದರೆ ಕುಟುಂಬ ಅನರ್ಹ. ಸಾಲ ತೆಗೆದಿದ್ದೀರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ, ಬ್ಯಾಂಕ್ ನಿಗದಿ ಮಾಡಿದ ಮಿತಿಯನ್ನೇ ನೋಡುತ್ತಾರೆ. ಒಂದೆರಡು ಎಕರೆಯ ರೈತನಿಗೂ ಇಂದಿನ ಬೆಳೆಸಾಲದ ಲೆಕ್ಕದಲ್ಲಿ 50,000 ದಾಟುವುದು ದೊಡ್ಡ ಮಾತಲ್ಲ. ಬೈಕಿನ ನಿಯಮ ಸಡಿಲಿಸಿದವರು ಇದನ್ನು ಹಾಗೆಯೇ ಉಳಿಸಿದ್ದು ಸರಿಯಲ್ಲ. ಸೋರುವ ಹೆಂಚಿನ ಕೆಳಗೆ ಮಲಗುವ ಎಷ್ಟೋ ರೈತ ಕುಟುಂಬಗಳು ಈ ಒಂದು ಸಾಲಿನಿಂದ ಹೊರಗುಳಿಯುತ್ತವೆ. ಬಾಡಿಗೆ ಓಡಿಸಲು ಸಾಲ ಮಾಡಿ ಕೊಂಡ ಆಟೊ, ಗೂಡ್ಸ್ ಗಾಡಿಗೂ ಇದೇ ಗತಿ. ಅಂಥ ಕುಟುಂಬಗಳು ಕೇಂದ್ರದ ಪಟ್ಟಿಗೇ ಕಾದು ಕೂರುವ ಬದಲು, ರಾಜ್ಯದ ಯೋಜನೆಯ ಆಯ್ಕೆಗೆ ಗ್ರಾಮ ಸಭೆಯಲ್ಲಿ ಹೆಸರು ಕೊಡಬೇಕು.

ಕೇಂದ್ರದ ಯೋಜನೆಯಲ್ಲಿ ಸರದಿ ನಿಂತಿರುವುದು ಸಮೀಕ್ಷೆಯ ಮೇಲೆ. ಮೊದಲು 2011ರ ಸಾಮಾಜಿಕ-ಆರ್ಥಿಕ ಗಣತಿ, ಆಮೇಲೆ 2018ರ ಆವಾಸ್ ಪ್ಲಸ್, ಈಚೆಗೆ ಮುಖಗುರುತಿನ ಪರಿಶೀಲನೆಯೊಂದಿಗೆ ಮೊಬೈಲ್ ಆ್ಯಪ್‌ನಲ್ಲಿ ನಡೆದ ಹೊಸ ಸಮೀಕ್ಷೆ. ಮನೆಯೇ ಇಲ್ಲದವರು ಮೊದಲು, ಆಮೇಲೆ ಕಚ್ಚಾ ಗೋಡೆ-ಕಚ್ಚಾ ಛಾವಣಿಯ ಒಂದು ಕೋಣೆಯವರು, ಅನಂತರ ಎರಡು ಕೋಣೆಯವರು. ಒಂದೇ ಸಾಲಿನಲ್ಲಿ ನಿಂತವರ ನಡುವೆ 16ರಿಂದ 59 ವಯಸ್ಸಿನ ದುಡಿಯುವ ಗಂಡಸಿಲ್ಲದ, ಹೆಂಗಸೇ ಯಜಮಾನಿಯಾದ ಕುಟುಂಬ, ಅಂಗವಿಕಲರಿರುವ ಕುಟುಂಬ, ಭೂಮಿಯಿಲ್ಲದ ಕೂಲಿ ಕುಟುಂಬ ಮುಂದೆ ಬರುತ್ತವೆ. ಸಮೀಕ್ಷೆಗೆ ಬಂದವರು ಹಳೆಯ ಮನೆಯ ಫೋಟೊ ತೆಗೆಯುತ್ತಾರೆ. ಆ ಫೋಟೊದಲ್ಲಿ ಪಕ್ಕದ ಅಣ್ಣನ ತಾರಸಿ ಮನೆಯ ಗೋಡೆ ಬಂದರೂ ನಿಮ್ಮದೇ ಪಕ್ಕಾ ಮನೆ ಎಂದು ಲೆಕ್ಕ ಹಾಕಿ ಕೈಬಿಟ್ಟಾರು. ಫೋಟೊ ತೆಗೆಯುವಾಗ ನಿಮ್ಮ ಬಾಗಿಲು, ನಿಮ್ಮ ಮಾಡು ಎರಡೂ ಸ್ಪಷ್ಟವಾಗಿ ಕಾಣುವಂತೆ ನಿಂತು ತೆಗೆಸಿ.

ರಾಜ್ಯದ ಯೋಜನೆಗಳಲ್ಲಿ ಆಯ್ಕೆ ನಡೆಯುವುದು ಗ್ರಾಮ ಸಭೆಯಲ್ಲಿ. ಅದಕ್ಕೂ ಮೊದಲು ವಾರ್ಡ್ ಸಭೆ ಇದೆ. ಹೆಸರು ಅಲ್ಲಿಂದಲೇ ಬರಬೇಕು. ಅರ್ಜಿಯನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೈಗೆ ಕೊಟ್ಟು ಸುಮ್ಮನಾಗುವವರೇ ಹೆಚ್ಚು. ಸ್ವೀಕೃತಿ ಪಡೆಯಿರಿ, ವಾರ್ಡ್ ಸಭೆಗೆ ಹೋಗಿ, ನಿಮ್ಮ ಹೆಸರನ್ನು ಓದಿಸಿ, ಅದು ನಡವಳಿ ಪುಸ್ತಕದಲ್ಲಿ ಸೇರಿದ್ದನ್ನು ಕಣ್ಣಾರೆ ನೋಡಿ. ಖಾಲಿ ನಡವಳಿಗೆ ಮೊದಲೇ ಸಹಿ ತೆಗೆದುಕೊಂಡು, ಪಟ್ಟಿಯನ್ನು ಆಮೇಲೆ ತುಂಬುವ ಪದ್ಧತಿ ಎಲ್ಲಿ ಉಳಿದಿದೆಯೋ ಅಲ್ಲಿ ಹೆಸರು ಕಳೆದುಹೋಗುವುದು ಇದೇ ಸಂದಿಯಲ್ಲಿ.

ಈಗ ಜಾಗದ ಕಾಗದಕ್ಕೆ ಬರೋಣ. ಆಯ್ಕೆಯಾದ ಮೇಲೂ ಮನೆ ನಿಂತುಹೋಗುವುದು ಬಹುಪಾಲು ಇಲ್ಲಿಯೇ. ಪಂಚಾಯಿತಿ ಕೇಳುವುದು ಹಳ್ಳಿಯ ಆಸ್ತಿ ದಾಖಲೆಗಳನ್ನು ಕೊಡುವ ಇ-ಸ್ವತ್ತು ತಂತ್ರಾಂಶದಿಂದ ಬಂದ ನಮೂನೆ 9 ಮತ್ತು 11ಎ, ಇಲ್ಲವೇ ಸರ್ಕಾರ ನಿವೇಶನ ಹಂಚಿದ ಹಕ್ಕುಪತ್ರ. ಕೈಬರಹದ ಹಳೆಯ ಖಾತೆ, ಕಂದಾಯ ಕಟ್ಟಿದ ರಸೀದಿ, ಊರಿನ ಹಿರಿಯರ ಮುಂದೆ ಬರೆದ ಪಾಲು ಚೀಟಿ ನಡೆಯುವುದಿಲ್ಲ. ಜಾಗ ಇನ್ನೂ ತೀರಿಕೊಂಡ ತಾತನ ಹೆಸರಲ್ಲಿದ್ದರೆ ವಂಶವೃಕ್ಷ, ಮರಣ ಪ್ರಮಾಣ ಪತ್ರ ಹಿಡಿದು ಖಾತೆ ಬದಲಾಯಿಸಿಕೊಳ್ಳಬೇಕು, ಬಾಕಿ ಕಂದಾಯ ಚುಕ್ತಾ ಮಾಡಬೇಕು. ಅಣ್ಣ ತಮ್ಮಂದಿರ ಒಪ್ಪಿಗೆ ಬೇಕಾಗುವುದರಿಂದ ಇದು ವಾರದಲ್ಲಿ ಮುಗಿಯುವ ಕೆಲಸವಲ್ಲ. ಸರ್ಕಾರಿ ಜಾಗದಲ್ಲಿ ಮೊದಲಿನಿಂದ ಮನೆ ಕಟ್ಟಿಕೊಂಡಿರುವವರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮವಾಗಬೇಕು, ಪಟ್ಟಣದಲ್ಲಾದರೆ 94ಸಿಸಿ. ತಾಂಡಾ, ಹಟ್ಟಿ, ಹಾಡಿಗಳಿಗೆ 94ಡಿ ಇದೆ. ಇವು ತಹಶೀಲ್ದಾರರ ಕಚೇರಿಯ ಕೆಲಸ, ಪಂಚಾಯಿತಿ ಕೈಯಲ್ಲಿಲ್ಲ. ಅರಣ್ಯದ ಅಂಚಿನ ಊರುಗಳಲ್ಲಿ, ಕಂದಾಯದ ಜಾಗವೋ ಅರಣ್ಯದ ಜಾಗವೋ ಎಂಬುದು ತೀರ್ಮಾನವಾಗುವವರೆಗೆ ಮನೆಯೂ ಇಲ್ಲ, ಬಿಲ್ಲೂ ಇಲ್ಲ. ಆದ್ದರಿಂದ ಮನೆಯ ಅರ್ಜಿಗಿಂತ ಮೊದಲು ಇ-ಸ್ವತ್ತಿಗೆ ಅರ್ಜಿ ಹಾಕಿ. ಯಾವ ವರ್ಷ ಎಷ್ಟು ಮನೆಗಳ ಗುರಿ ಬರುತ್ತದೆಂದು ಯಾರೂ ಹೇಳಲಾರರು. ಬಂದಾಗ ಕಾಗದ ಸಿದ್ಧವಿರುವವರ ಹೆಸರೇ ಮೊದಲು ಏರುತ್ತದೆ.

ಮನೆ ಮಂಜೂರಾಗುವುದು ಸಾಮಾನ್ಯವಾಗಿ ಮನೆಯೊಡತಿಯ ಹೆಸರಿಗೆ. ಇದು ಈ ಯೋಜನೆಗಳ ಅತ್ಯುತ್ತಮ ನಿಯಮ. ಕುಡಿದು ಮನೆ ಅಡವಿಡುವ ಗಂಡನಿಂದ ಎಷ್ಟೋ ಸಂಸಾರಗಳನ್ನು ಇದು ಕಾಪಾಡಿದೆ. ಜಾಗ ಗಂಡನ ಅಥವಾ ಅತ್ತೆಯ ಹೆಸರಲ್ಲಿದ್ದರೆ ಒಪ್ಪಿಗೆ ಪತ್ರ ಕೇಳುತ್ತಾರೆ, ಛಾಪಾ ಕಾಗದದ ಮೇಲೆ ಮಾಡಿಸಿಟ್ಟುಕೊಳ್ಳಿ. ಒಂದೇ ಪಡಿತರ ಚೀಟಿಯಲ್ಲಿ ಅಪ್ಪ, ಮದುವೆಯಾದ ಇಬ್ಬರು ಮಕ್ಕಳು ಇದ್ದರೆ ಒಂದೇ ಕುಟುಂಬ ಎಂದು ಲೆಕ್ಕ. ಅಪ್ಪನಿಗೆ ಹಿಂದೆ ಆಶ್ರಯ ಮನೆ ಬಂದಿದ್ದರೆ ಮಕ್ಕಳ ಅರ್ಜಿಯೂ ಬಿದ್ದುಹೋಗುತ್ತದೆ. ಬೇರೆ ಒಲೆ ಹೂಡಿದವರು ಚೀಟಿಯನ್ನೂ ಬೇರೆ ಮಾಡಿಸಿಕೊಂಡಿರಬೇಕು.

ಉಳಿದ ದಾಖಲೆಗಳಲ್ಲಿ ಗಮನಿಸಬೇಕಾದದ್ದು ಹೆಸರಿನ ಅಕ್ಷರ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಪಡಿತರ ಚೀಟಿಯಲ್ಲಿ ‘ಲಕ್ಷ್ಮೀದೇವಮ್ಮ’, ಪಾಸ್‌ಬುಕ್‌ನಲ್ಲಿ ‘ಲಕ್ಷ್ಮಿ ಕೋಂ ರಾಮಯ್ಯ’ ಎಂದಿದ್ದರೆ ತಂತ್ರಾಂಶ ಮೂವರೆಂದೇ ತಿಳಿಯುತ್ತದೆ. ಆಧಾರ್ ಪ್ರಕಾರ ಉಳಿದೆರಡನ್ನು ತಿದ್ದಿಸಿ. ನಾಡಕಚೇರಿಯ ಆದಾಯ ಪ್ರಮಾಣ ಪತ್ರಕ್ಕೆ ಐದು ವರ್ಷದ ಆಯುಷ್ಯ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ತಂತ್ರಾಂಶವೇ ತಾಳೆ ನೋಡುವುದರಿಂದ ಅವಧಿ ಮುಗಿದ ಪತ್ರದ ನಕಲು ಕೊಟ್ಟರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಬ್ಯಾಂಕ್ ಖಾತೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಆಧಾರ್ ಆಧರಿಸಿ ಹಣ ಹಾಕಿದಾಗ ಅದು ನೀವು ಕೊಟ್ಟ ಪಾಸ್‌ಬುಕ್ಕಿನ ಖಾತೆಗೆ ಹೋಗುವುದಿಲ್ಲ. ಕೊನೆಯದಾಗಿ ಯಾವ ಬ್ಯಾಂಕಿಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹಣ ಹೋಗಿ, ‘ಬಿಲ್ ಆಗಿಲ್ಲ’ ಎಂದು ಪಂಚಾಯಿತಿ ಮುಂದೆ ಅಲೆಯುವವರಿದ್ದಾರೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಒಟಿಪಿ ಕೊಟ್ಟರೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಕಾಣುತ್ತದೆ, ಅರ್ಜಿಗೆ ಮುನ್ನ ನೋಡಿಕೊಳ್ಳಿ. ಇನ್ನೊಂದು ತೊಡಕು ಪೂರ್ಣ ಕೆವೈಸಿ ಆಗದ ‘ಸಣ್ಣ ಖಾತೆ’. ಅದರಿಂದ ತಿಂಗಳಿಗೆ 10,000 ರೂ. ಮೇಲೆ ತೆಗೆಯಲು ರಿಸರ್ವ್ ಬ್ಯಾಂಕ್ ನಿಯಮ ಬಿಡುವುದಿಲ್ಲ. ಸಿಮೆಂಟ್ ಅಂಗಡಿಯವನು ಕಾಯುವುದಿಲ್ಲ, ಹಣ ಖಾತೆಯಲ್ಲೇ ಇರುತ್ತದೆ.

ಕಾಮಗಾರಿ ಆದೇಶ ಕೈಗೆ ಬರುವ ಮೊದಲು ಪಾಯ ತೆಗೆಯಬೇಡಿ. ಆದೇಶದ ಮುಂಚೆ ಎದ್ದ ಗೋಡೆಗೆ ಸಹಾಯಧನವಿಲ್ಲ. ಆದೇಶ ಬಂದ ಮೇಲೆ ಗಡುವಿನೊಳಗೆ ಶುರುಮಾಡದಿದ್ದರೆ ತಂತ್ರಾಂಶದಲ್ಲಿ ಮನೆ ‘ಬ್ಲಾಕ್’ ಆಗುತ್ತದೆ, ಅದನ್ನು ತೆರೆಸಲು ತಾಲ್ಲೂಕು ಪಂಚಾಯಿತಿ ದಾಟಿ ನಿಗಮದವರೆಗೆ ಪತ್ರ ಹೋಗಬೇಕು. ಆದೇಶಕ್ಕೆ ಮುನ್ನ ನಿವೇಶನದಲ್ಲಿ ನಿಂತು ಜಿಪಿಎಸ್ ಫೋಟೊ ತೆಗೆದಿರುತ್ತಾರೆ. ಮುಂದಿನ ಎಲ್ಲ ಹಂತದ ಫೋಟೊಗಳೂ ಅದೇ ಬಿಂದುವಿನಲ್ಲಿ ಕೂರಬೇಕು. ವಾಸ್ತು ನೋಡಿ, ಇಲ್ಲವೇ ದಾಯಾದಿ ತಕರಾರಿಗೆ ಹೆದರಿ, ತಮ್ಮದೇ ಇನ್ನೊಂದು ಜಾಗದಲ್ಲಿ ಪಾಯ ಹಾಕಿದರೆ ಬಿಲ್ ಬರುವುದಿಲ್ಲ. ಜಾಗ ಬದಲಿಸಲೇಬೇಕಾದರೆ ಮೊದಲು ಪಂಚಾಯಿತಿಗೆ ಬರೆದುಕೊಟ್ಟು ದಾಖಲೆಯಲ್ಲಿ ಬದಲಾಯಿಸಿ, ಆಮೇಲೆ ಗುದ್ದಲಿ ಹಾಕಿ.

ನಿಗಮದ ಲೆಕ್ಕದಲ್ಲಿ ನಾಲ್ಕು ಹಂತ: ಪಾಯ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತದಲ್ಲೂ ಪಂಚಾಯಿತಿಯವರು ಬಂದು ಫಲಾನುಭವಿಯನ್ನು ಮನೆ ಮುಂದೆ ನಿಲ್ಲಿಸಿ ಫೋಟೊ ತೆಗೆಯಬೇಕು. ಪಾಯದ ಫೋಟೊದಲ್ಲಿ ನಾಲ್ಕೂ ಕಡೆಯ ಸೈಜುಗಲ್ಲಿನ ಕಟ್ಟಡ ನೆಲದಿಂದ ಮೇಲೆ ಕಾಣಬೇಕು. ಸುತ್ತ ಮಣ್ಣು ತುಂಬಿ ಸಮ ಮಾಡಿದ ಮೇಲೆ ತೆಗೆಸಿದರೆ ಬರೀ ಅಂಗಳದಂತೆ ಕಂಡು ತಿರಸ್ಕಾರವಾಗುತ್ತದೆ. ಲಿಂಟಲ್ ಹಂತದಲ್ಲಿ ಬಾಗಿಲು, ಕಿಟಕಿಯ ಮೇಲಿನ ಕಾಂಕ್ರೀಟ್ ಪಟ್ಟಿ ಕಾಣಬೇಕು, ಅದರ ಮೇಲೆ ಗೋಡೆ ಎದ್ದುಬಿಟ್ಟರೆ ತೊಂದರೆಯಿಲ್ಲ. ಛಾವಣಿಯ ಹಂತದಲ್ಲಿ ಸೆಂಟ್ರಿಂಗ್ ಹಲಗೆ ಇನ್ನೂ ಇದ್ದಾಗಲೇ ಅವಸರಪಟ್ಟು ಕರೆಯಬೇಡಿ, ಕಾಂಕ್ರೀಟ್ ಬಿದ್ದಿರುವುದು ತಿಳಿಯಬೇಕು. ಒಂದು ಹಂತದ ಫೋಟೊ ಏರದೆ ಮುಂದಿನ ಹಂತಕ್ಕೆ ಹೋದರೆ ಎರಡು ಬಿಲ್ ಒಟ್ಟಿಗೆ ಬರುತ್ತದೆಂದು ಹೇಳುವವರ ಮಾತು ನಂಬಬೇಡಿ. ಕಾದದ್ದೇ ಬರುತ್ತದೆ. ಹಂತ ಮುಗಿದ ದಿನವೇ ಪಿಡಿಒಗೆ ಬರವಣಿಗೆಯಲ್ಲಿ ತಿಳಿಸಿ, ದಿನಾಂಕ ಹಾಕಿಸಿದ ನಕಲು ಇಟ್ಟುಕೊಳ್ಳಿ.

ಕೇಂದ್ರದ ಯೋಜನೆಯ ಮಾರ್ಗಸೂಚಿ ಇಲ್ಲಿ ಹೆಚ್ಚು ಮಾನವೀಯ. ಮಂಜೂರಾತಿ ಆದೇಶವಾದ 7 ಕೆಲಸದ ದಿನಗಳಲ್ಲಿ ಮೊದಲ ಕಂತು ಖಾತೆಗೆ ಬೀಳಬೇಕು, ಅಂದರೆ ಪಾಯಕ್ಕೆ ಮುಂಗಡ. ರಾಜ್ಯದ ಯೋಜನೆಯಲ್ಲಿ ಮೊದಲು ಪಾಯ, ಆಮೇಲೆ ಹಣ. ಕೂಲಿ ಮಾಡುವ ವಿಧವೆಗೆ ಪಾಯದ ದುಡ್ಡು ಎಲ್ಲಿಂದ ಬರಬೇಕು? ಊರಿನ ಬಡ್ಡಿ ಸಾಲವೇ ದಾರಿ. ನಾಲ್ಕು ತಿಂಗಳು ಬಿಲ್ ತಡವಾದರೆ ಸಹಾಯಧನದ ಒಂದು ಪಾಲು ಬಡ್ಡಿಗೇ ಹೋಗುತ್ತದೆ. ರಾಜ್ಯವೂ ಸಣ್ಣದಾದರೂ ಒಂದು ಮುಂಗಡ ಕೊಡುವುದು ನ್ಯಾಯ. ಅದು ಬರುವವರೆಗೆ ಸ್ತ್ರೀಶಕ್ತಿ ಸಂಘದ ಸಾಲವೇ ಖಾಸಗಿ ಫೈನಾನ್ಸ್‌ಗಿಂತ ವಾಸಿ.

ಹಣದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಕೇಂದ್ರದ ಯೋಜನೆಯಲ್ಲಿ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಸುಮಾರು 269 ಚದರ ಅಡಿ. ಒಳಅಳತೆ 18 ಅಡಿ, 15 ಅಡಿ ಇಟ್ಟರೆ ಸರಿಹೋಗುತ್ತದೆ, ಗೋಡೆ ಸೇರಿ 20/30ರ ನಿವೇಶನದಲ್ಲಿ ಧಾರಾಳವಾಗಿ ಕೂರುತ್ತದೆ. ಚದರ ಅಡಿಗೆ 1,500 ರೂ. ಎಂದೇ ಹಿಡಿದರೂ 4 ಲಕ್ಷ ದಾಟಿತು. ಬರುವುದೆಷ್ಟು? 1.20 ಲಕ್ಷ, ಶೌಚಾಲಯಕ್ಕೆ ಸ್ವಚ್ಛ ಭಾರತದಿಂದ 12,000, ಉದ್ಯೋಗ ಖಾತರಿಯಲ್ಲಿ 90 ದಿನದ ಕೂಲಿ. ಕರ್ನಾಟಕದ 2025-26ರ ದರ ದಿನಕ್ಕೆ 370 ರೂ. ಹಾಗೆ ಹಿಡಿದರೆ 33,300. ಎಲ್ಲ ಸೇರಿ 1,65,300. ಉಳಿದ 2.38 ಲಕ್ಷ ನಿಮ್ಮದೇ. 1.20 ಲಕ್ಷ ಎಂಬ ಅಂಕಿ 2016ರದ್ದು. ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್, ಗಾರೆಯವರ ಕೂಲಿ ಅಲ್ಲೇ ನಿಂತಿಲ್ಲ, ಸಹಾಯಧನ ಮಾತ್ರ ನಿಂತಿದೆ. ಹೀಗಿರುವಾಗ ನಾಳೆ ಮಗನಿಗೂ ಬೇಕೆಂದು 600 ಚದರ ಅಡಿಯ ಪಾಯ ಹಾಕುವುದೇ ಅರ್ಧಕ್ಕೆ ನಿಂತ ಮನೆಗಳ ಮೊದಲ ಕಾರಣ. ಚಿಕ್ಕದಾಗಿ ಮುಗಿಸಿ, ಮುಂದೆ ವಿಸ್ತರಿಸಲು ಒಂದು ಬದಿಯಲ್ಲಿ ಜಾಗ ಬಿಡುವುದೇ ಜಾಣತನ.

ಆ 90 ದಿನದ ಕೂಲಿಯನ್ನು ಬಿಟ್ಟುಕೊಡುವವರೂ ಬಹಳ. ಮನೆಯವರ ಹೆಸರಲ್ಲಿ ಜಾಬ್ ಕಾರ್ಡ್ ಇರಬೇಕು, ನಮೂನೆ 6ರಲ್ಲಿ ಕೆಲಸ ಕೇಳಬೇಕು, ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ತೆಗೆದ ಮೇಲೆ ಕೆಲಸ ಮಾಡಬೇಕು. ಗೋಡೆ ಎದ್ದ ಮೇಲೆ ಹಿಂದಿನ ದಿನಗಳಿಗೆ ಎನ್‌ಎಂಆರ್ ತೆಗೆಯಲು ಬರುವುದಿಲ್ಲ. ಶೌಚಾಲಯದ 12,000 ಹಿಂದೆಯೇ ಪಡೆದಿದ್ದರೆ ಮತ್ತೆ ಸಿಗದು.

ಯಾವ ಹಂತದಲ್ಲೂ ಪಂಚಾಯಿತಿಗೆ, ಸದಸ್ಯರಿಗೆ, ಫೋಟೊ ತೆಗೆಯಲು ಬಂದವರಿಗೆ ಹಣ ಕೊಡಬೇಕೆಂಬ ನಿಯಮವಿಲ್ಲ. ‘ಬಿಲ್ ಮಾಡಿಸಲು ಇಷ್ಟು’ ಎಂದು ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು, ಮುಖ್ಯಮಂತ್ರಿಗಳ ಜನಸ್ಪಂದನ ಸಹಾಯವಾಣಿ 1902ಕ್ಕೂ ಕರೆ ಮಾಡಬಹುದು.

ಪಟ್ಟಣದವರ ದಾರಿ ಬೇರೆ. ಪುರಸಭೆ, ನಗರಸಭೆಗಳಲ್ಲಿ ಫಲಾನುಭವಿಗಳನ್ನು ಆರಿಸಲು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಇದೆ. ಕೇಂದ್ರದ ನಗರ ಆವಾಸ್ ಯೋಜನೆಯ ಎರಡನೇ ಆವೃತ್ತಿ 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸ್ವಂತ ನಿವೇಶನವಿದ್ದು ವರ್ಷಕ್ಕೆ 3 ಲಕ್ಷದೊಳಗಿನ ಆದಾಯದವರು 30ರಿಂದ 45 ಚದರ ಮೀಟರ್ ಮನೆ ಕಟ್ಟಿಕೊಳ್ಳಲು ಕೇಂದ್ರದ ಪಾಲು 1.50 ಲಕ್ಷ. ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಯಾವ ಸರ್ಕಾರಿ ವಸತಿ ಯೋಜನೆಯ ಲಾಭವನ್ನೂ ಪಡೆದಿರಬಾರದು. ಇಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಹಾಗಾಗಿ ಮದುವೆಯಾದ ಮಗ ಬೇರೆಯಾಗಿ ಅರ್ಜಿ ಹಾಕಬಹುದು.

ಬಾಡಿಗೆ ಮನೆಯಲ್ಲಿರುವವರು ಬಾಡಿಗೆಗೆ ನೆರವು ಸಿಗುತ್ತದೆಯೇ ಎಂದು ಕೇಳುತ್ತಾರೆ. ಇದೇ ನಗರ ಯೋಜನೆಯಲ್ಲಿ ಕೈಗೆಟಕುವ ಬಾಡಿಗೆ ವಸತಿ ಎಂಬ ವಿಭಾಗವಿದೆ. ಸರ್ಕಾರದ ಹಣದಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು, ಇಲ್ಲವೇ ಹೊಸದಾಗಿ ಕಟ್ಟಿದ ಸಮುಚ್ಚಯಗಳನ್ನು ವಲಸೆ ಕಾರ್ಮಿಕರು, ದುಡಿಯುವ ಮಹಿಳೆಯರಂಥವರಿಗೆ ಕಡಿಮೆ ಬಾಡಿಗೆಗೆ ಕೊಡುವುದು ಅದರ ಉದ್ದೇಶ. ಈಗಿರುವ ಮನೆಯ ಬಾಡಿಗೆ ಕಟ್ಟಲು ನಿಮ್ಮ ಕೈಗೆ ಹಣ ಬರುವುದಿಲ್ಲ. 2019ರ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ರಾಜ್ಯ ಸರ್ಕಾರ ತಿಂಗಳಿಗೆ 5,000 ರೂ.ನಂತೆ ಹತ್ತು ತಿಂಗಳ ಬಾಡಿಗೆ ಘೋಷಿಸಿತ್ತು. ಹಳೆಯ ಮನೆ ಕೆಡವಿ ಅಲ್ಲೇ ಕಟ್ಟುವ ಫಲಾನುಭವಿಗಳಿಗೂ ಅಂಥದ್ದೊಂದು ಬೇಕು. ಗುಡಿಸಲು ಕಿತ್ತ ಮೇಲೆ ಮಳೆಗಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿರಬೇಕು ಎಂಬುದಕ್ಕೆ ಈಗಿನ ಯೋಜನೆಯಲ್ಲಿ ಉತ್ತರವಿಲ್ಲ. ಸುಗ್ಗಿ ಮುಗಿದ ಮೇಲೆ ಪಾಯ ಹಾಕಿ, ಮುಂಗಾರಿಗೆ ಮುನ್ನ ತಾರಸಿ ಬೀಳುವಂತೆ ಹೊಂದಿಸಿಕೊಳ್ಳುವುದೊಂದೇ ಸದ್ಯದ ಉಪಾಯ.

ಬಿಲ್ ಎಲ್ಲಿ ನಿಂತಿದೆ ಎಂದು ತಿಳಿಯಲು ನಿಗಮದ ‘ಆಶ್ರಯ’ ಜಾಲತಾಣದಲ್ಲಿ ಫಲಾನುಭವಿ ಸಂಕೇತ ಸಂಖ್ಯೆ ಹಾಕಿ ನೋಡಬಹುದು, ಕೇಂದ್ರದ ಮನೆಗೆ ನೋಂದಣಿ ಸಂಖ್ಯೆ ಬೇಕು. ಈ ವ್ಯವಸ್ಥೆ ಚೆನ್ನಾಗಿದೆ. ಯಾವ ಹಂತದ ಫೋಟೊ ಏರಿದೆ, ಎಷ್ಟು ಹಣ ಬಿಡುಗಡೆಯಾಗಿದೆ ಎಂಬುದು ಕಾಣುತ್ತದೆ. ಫೋಟೊ ಏರಿಲ್ಲದಿದ್ದರೆ ಪಿಡಿಒ ಬಳಿ ಕೇಳಿ. ಏರಿದ್ದೂ ಹಣ ಬಿದ್ದಿಲ್ಲದಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ, ಅದು ಪಂಚಾಯಿತಿ ಕೈ ಮೀರಿದ್ದು. ಫಲಾನುಭವಿ ನಡುವೆ ತೀರಿಕೊಂಡರೆ ವಾರಸುದಾರರ ಹೆಸರಿಗೆ ಬದಲಾಯಿಸಲು ಅವಕಾಶವಿದೆ.

ಪಟ್ಟಿಯಿಂದ ಹೆಸರು ಬಿಟ್ಟುಹೋದವರು ಮಾಹಿತಿ ಹಕ್ಕಿನಡಿ ನಮೂನೆ ‘ಎ’ಯಲ್ಲಿ ಕೇಳಬೇಕಾದದ್ದು ಮೂರು ದಾಖಲೆ: ಆಯ್ಕೆ ನಡೆದ ಗ್ರಾಮ ಸಭೆಯ ನಡವಳಿ, ಅಂದಿನ ಹಾಜರಾತಿ ಪುಸ್ತಕದ ಪುಟಗಳು, ಅನುಮೋದನೆಗೆ ಕಳುಹಿಸಿದ ಪಟ್ಟಿ. ಶುಲ್ಕ 10 ರೂ., ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ‘ನನಗೇಕೆ ಮನೆ ಕೊಟ್ಟಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಸಭೆಯ ದಿನಾಂಕ ಬರೆದು, ದಾಖಲೆಯ ದೃಢೀಕೃತ ನಕಲು ಎಂದೇ ಕೇಳಿ.